ಜ್ಞಕಾರ ವಿಪ್ಲವ: ಪಶ್ಚಿಮ ಬೆಂಗಳೂರಿನ ಪಾರಾಯಣ ಶಾಖೆಗಳ ಒಂದು ಅಧ್ಯಯನ

ವೇದಕ್ಕಿರುವಂತೆ ವಿಷ್ಣು ಸಹಸ್ರನಾಮಕ್ಕೂ ಶಾಖೆಗಳಿವೆ. ವಿದ್ವಾಂಸರು ಇದನ್ನು ಗಮನಿಸದಿರಲು ಕಾರಣ, ಅವರು ಶನಿವಾರ ಸಂಜೆ ರಾಜಾಜಿನಗರಕ್ಕೆ ಬಂದು ಜಮಖಾನೆಯ ಮೇಲೆ ಕೂರುವುದಿಲ್ಲ. ಮೂಲಪಾಠ ಎಲ್ಲರಿಗೂ ಒಂದೇ: ಎಂ.ಎಸ್. ಸುಬ್ಬುಲಕ್ಷ್ಮಿಯವರ 1970ರ ಧ್ವನಿಮುದ್ರಿಕೆ. ಅದು ತಟ್ಟೆಯಿಂದ ಕ್ಯಾಸೆಟ್ಟಿಗೆ, ಕ್ಯಾಸೆಟ್ಟಿನಿಂದ ಮೊಬೈಲಿಗೆ ಅವಿಚ್ಛಿನ್ನವಾಗಿ ಹರಿದುಬಂದಿದೆ. ಎಂ.ಎಸ್. ತಮ್ಮಂತೆಯೇ ಉಚ್ಚರಿಸಿದ್ದಾರೆಂದು ಪ್ರತಿ ಶಾಖೆಯೂ ಪ್ರಮಾಣ ಮಾಡುತ್ತದೆ.

ವಿಸರ್ಗದ ವಿಷಯದಲ್ಲಿ ಭಾಷ್ಯಂ ಸರ್ಕಲ್ ಶಾಖೆ 'ವಿಷ್ಣುಹು' ಎನ್ನುತ್ತದೆ, ವಿಜಯನಗರ ಶಾಖೆ 'ವಿಷ್ಣುಹ'. ಕೆಂಗೇರಿ ಶಾಖೆಗೆ ವಿಸರ್ಗವೇ ಇಲ್ಲ. ಅವರು ಮೆಟ್ರೊ ಹಿಡಿಯಬೇಕು.

ನಿಜವಾದ ರಣರಂಗ ಕೊನೆಯಲ್ಲಿದೆ. ಅಲ್ಲಿ ಯಜ್ಞದ ಹನ್ನೆರಡು ನಾಮಗಳು ಒಂದರ ಹಿಂದೊಂದು ಬರುತ್ತವೆ. 'ಯಜ್ವಾ' ಒಂದನ್ನು ಬಿಟ್ಟರೆ ಎಲ್ಲದರಲ್ಲೂ ಜ್ಞಕಾರ. ನಮ್ಮ ಮಂಡಳಿಯಲ್ಲಿ ಮುಂದಿನ ಸಾಲಿನವರು 'ಯಗ್ನ', ಬೆಳಗಾವಿಯಿಂದ ಬಂದ ಸೊಸೆ 'ಯದ್ನ್ಯ', ಟಿ.ವಿ. ರಾಮಾಯಣ ನೋಡಿ ಬೆಳೆದವರು 'ಯಗ್ಯ'. ಶಾಸ್ತ್ರೋಕ್ತವಾಗಿ ಜಕಾರಕ್ಕೆ ಞಕಾರ ಸೇರಿಸಿ ನುಡಿಯುವವರು ನಿವೃತ್ತ ಸಂಸ್ಕೃತ ಮೇಷ್ಟ್ರೊಬ್ಬರೇ. ಅವರು ಹನ್ನೊಂದನೆಯ ಜ್ಞಕಾರ ಮುಟ್ಟುವಷ್ಟರಲ್ಲಿ ಮಂಡಳಿ ಫಲಶ್ರುತಿಯಲ್ಲಿರುತ್ತದೆ. ಹುಲಿ ತನ್ನ ಮರಿಯನ್ನು ಬೀಳದಂತೆ, ಕಚ್ಚದಂತೆ ಹಲ್ಲಿನಲ್ಲಿ ಒಯ್ಯುವ ಹಾಗೆ ಅಕ್ಷರವನ್ನು ನುಡಿಯಬೇಕೆಂದು ಪಾಣಿನೀಯ ಶಿಕ್ಷೆ ಹೇಳುತ್ತದೆ. ಆ ಹುಲಿಗೆ ಏಳೂವರೆಯ ಸೀರಿಯಲ್ ಇರಲಿಲ್ಲವೆಂಬುದು ನಮ್ಮ ನಮ್ರ ಅಭಿಪ್ರಾಯ. 'ಇಂದ್ರಶತ್ರು' ಎಂಬಲ್ಲಿ ಸ್ವರ ತಪ್ಪಿದ್ದಕ್ಕೆ ವೃತ್ರ ಸತ್ತ ಕಥೆಯನ್ನು ಮೇಷ್ಟ್ರು ಆಗಾಗ ನೆನಪಿಸುತ್ತಾರೆ. ಮಂಡಳಿಯಲ್ಲಿ ಈವರೆಗೆ ಸಾವುನೋವು ವರದಿಯಾಗಿಲ್ಲ.

ತೌಲನಿಕ ಅಧ್ಯಯನವಿಲ್ಲದೆ ಪ್ರಬಂಧಕ್ಕೆ ಮರ್ಯಾದೆಯಿಲ್ಲವಾದ್ದರಿಂದ ಗ್ರೀಕಿಗೆ ಬರೋಣ. ಗ್ರೀಸಿನವರು ತಮ್ಮ ಬೈಬಲ್ಲನ್ನು ಇಂದಿನ ಮಾತಿನಂತೆ ಓದುತ್ತಾರೆ. ಪಶ್ಚಿಮದ ಪಂಡಿತರಲ್ಲಿ ಬಹುಪಾಲು ಎರಾಸ್ಮಸ್ 1528ರಲ್ಲಿ ಪ್ರಕಟಿಸಿದ ಸಂವಾದದ ಜಾಡು ಹಿಡಿದವರು. ಅದರಲ್ಲಿ ಸರಿಯಾದ ಉಚ್ಚಾರವನ್ನು ಚರ್ಚಿಸುವವರು ಒಂದು ಸಿಂಹ, ಒಂದು ಕರಡಿ. ಈ ಪಂಡಿತರ ಪರ ಸಾಕ್ಷಿ ಒಂದು ಕುರಿ: ಕ್ರಾಟಿನಸ್‌ನ ಹಳೆಯ ಪ್ರಹಸನದಲ್ಲಿ ಅದರ ಕೂಗನ್ನು ಬರೆದ ಅಕ್ಷರಗಳನ್ನು ಇಂದಿನಂತೆ ಓದಿದರೆ 'ವೀ ವೀ' ಆಗುತ್ತದೆ, ಎರಾಸ್ಮಸ್‌ನಂತೆ ಓದಿದರೆ 'ಬೇ ಬೇ'. ಕುರಿ ಗೆದ್ದಿತು. ಜ್ಞಕಾರಕ್ಕೂ ಇಂಥ ಸಾಕ್ಷಿಗಾಗಿ ಬಸವೇಶ್ವರನಗರದಲ್ಲಿ ಹುಡುಕಲಾಗಿ, ಸಿಕ್ಕ ಕುರಿಗಳು ಮಟನ್ ಅಂಗಡಿಯಲ್ಲಿದ್ದು ಹೇಳಿಕೆ ಕೊಡುವ ಸ್ಥಿತಿಯಲ್ಲಿರಲಿಲ್ಲ.

1542ರಲ್ಲಿ ಕೇಂಬ್ರಿಜ್‌ನ ಕುಲಪತಿ ಗಾರ್ಡಿನರ್ ಹೊಸ ಉಚ್ಚಾರವನ್ನು ನಿಷೇಧಿಸಿ, ಮೀರಿದ ಹುಡುಗರಿಗೆ ಛಡಿಯೇಟು ವಿಧಿಸಿದ. ನಮ್ಮ ಮಂಡಳಿ ಅಷ್ಟು ಕ್ರೂರಿಯಲ್ಲ. ಅಧ್ಯಕ್ಷೆ ಮೈಕನ್ನು ಮೆಲ್ಲನೆ ತಮ್ಮ ಕಡೆ ಎಳೆದುಕೊಂಡು, "ಮೇಷ್ಟ್ರೇ, ಮುಂದಿನ ವಾರದಿಂದ ನೀವು ಗಂಟೆ ಹೊಡೀರಿ" ಎಂದರು.