ಕಮಿಟಿ ಇನ್ನೂ ಕೂತಿಲ್ಲ

ಮಾಗಡಿ ತಾಲ್ಲೂಕಿನ ತಿಪ್ಪಸಂದ್ರ ಹೋಬಳಿಯಲ್ಲಿ ಮಳೆಗೆ ಬರ ಇರಬಹುದು, ಆಕಾಂಕ್ಷಿಗಳಿಗಿಲ್ಲ. ಜಿಲ್ಲಾ ಪಂಚಾಯಿತಿ ಟಿಕೆಟ್ ಆಕಾಂಕ್ಷಿ, ಡೇರಿ ಕಾರ್ಯದರ್ಶಿ ಆಕಾಂಕ್ಷಿ, ನ್ಯಾಯಬೆಲೆ ಅಂಗಡಿ ಆಕಾಂಕ್ಷಿ ಎಲ್ಲರೂ ಹಳಬರು. ಈಚೆಗೆ ಹೊಸದೊಂದು ತಳಿ ಸೇರಿಕೊಂಡಿದೆ: ಅಮೆರಿಕದ ಪಿಎಚ್.ಡಿ. ಆಕಾಂಕ್ಷಿ. ಉಳಿದವರು ಫ್ಲೆಕ್ಸಿನಲ್ಲಿ ಕೈಮುಗಿದು ನಿಲ್ಲುವುದರಿಂದ ದೂರಕ್ಕೇ ಗುರುತು ಸಿಗುತ್ತಾರೆ. ಇವನನ್ನು ಗುರುತಿಸಬೇಕಾದರೆ ಮೊಬೈಲು ‘ಟಿಂಗ್’ ಅನ್ನಬೇಕು. ಅಂದದ್ದೇ ತಡ, ಮುರಿದ ಮುದ್ದೆ ತಟ್ಟೆಯಲ್ಲೇ ಬಿಟ್ಟು ಎದ್ದುಬಿಡುತ್ತಾನೆ. ಬಂದಿರುವುದು ಚಿನ್ನದ ಸಾಲದ ಜಾಹೀರಾತು. ಮತ್ತೆ ಕೂರುತ್ತಾನೆ. ಎರಡು ತುತ್ತು ನುಂಗಿದ ಮೇಲೆ ಏನೋ ಹೊಳೆದು, ಎಡಗೈಯಲ್ಲಿ ಸ್ಪ್ಯಾಮ್ ಡಬ್ಬಿ ಕೆದಕತೊಡಗುತ್ತಾನೆ.

ನನಗೆ ಗೊತ್ತಿರುವ ಆಕಾಂಕ್ಷಿ ಓದಿದ್ದು ಭೂವಿಜ್ಞಾನ, ಅರ್ಜಿ ಹಾಕಿದ್ದು ಅಂತರ್ಜಲದ ಸಂಶೋಧನೆಗೆ. ಗಡುವು ಡಿಸೆಂಬರ್ ನಡುವಿಗೆ, ಅಂದರೆ ಸೊಗಡವರೆ ಕಾಲಕ್ಕೆ ಸರಿಯಾಗಿ. ಮನೆಯವರೆಲ್ಲ ಜಗಲಿಯಲ್ಲಿ ಕೂತು ನೆನೆಸಿದ ಕಾಳು ಹಿತುಕುತ್ತಿದ್ದರೆ ಇವನು ಮೂಲೆಯಲ್ಲಿ ತನ್ನ ಬಾಳನ್ನೇ ಹಿತುಕಿ ಎರಡು ಪುಟಕ್ಕೆ ಇಳಿಸುತ್ತಿದ್ದ. ಸ್ಟೇಟ್‌ಮೆಂಟ್ ಆಫ್ ಪರ್ಪಸ್ ಎನ್ನುವ ಆ ಬರಹದಲ್ಲಿ ಮೊದಲ ಸಾಲಿಗೇ ಬಾಲ್ಯ ಬರಬೇಕಂತೆ, ಬಾಲ್ಯದಲ್ಲೊಂದು ಕಷ್ಟ ಇರಬೇಕಂತೆ. ಇವನು ಬತ್ತಿದ ಕೆರೆಯಂಗಳದಲ್ಲಿ ನಿಂತು ‘ನೀರೆಲ್ಲ ಎಲ್ಲಿ ಹೋಯಿತು?’ ಎಂದು ಮರುಗುವ ಎಂಟು ವರ್ಷದ ಹುಡುಗನನ್ನು ತಂದು ನಿಲ್ಲಿಸಿದ. ಆ ಹುಡುಗನನ್ನು ನಾನು ಬಲ್ಲೆ. ಕೆರೆ ಬತ್ತಿದ್ದಕ್ಕೆ ಅವನಷ್ಟು ಸಂಭ್ರಮಪಟ್ಟವರು ಊರಿನಲ್ಲಿ ಇನ್ನೊಬ್ಬರಿರಲಿಲ್ಲ. ಕ್ರಿಕೆಟ್ಟಿಗೆ ಅಂಥ ಪಿಚ್ಚು ಬೇರೆಲ್ಲಿ ಸಿಗಬೇಕು?

ಎರಡನೆಯ ಪ್ಯಾರಾದಲ್ಲಿ ಮನೆಯ ಬೋರ್‌ವೆಲ್ ಕೈಕೊಟ್ಟ ಕತೆ. ಓದಿಸಿ ಕೇಳಿದ ಅಪ್ಪನ ಮುಖ ಸಣ್ಣದಾಯಿತು.

“ಬೋರ್ ಫೇಲಾಗಿರೋದ್ನ ನಾನು ನೆಂಟರಿಗೇ ಹೇಳಿಲ್ಲ ಕಣ್ಲಾ. ನೀನು ಅಮೆರಿಕದೋರಿಗೆ ಬರ್ದಿದ್ದೀಯಲ್ಲ! ನಾಳೆ ಹೆಣ್ಣು ಕೊಡೋರಿಗೆ ಗೊತ್ತಾದ್ರೆ?”

ಶಿಫಾರಸು ಪತ್ರ ಮೂರು ಬೇಕಿತ್ತು. ಒಬ್ಬ ಮೇಷ್ಟ್ರು ಬಿಡುವಿಲ್ಲದವರು, “ನೀನೇ ಬರ್ಕೊಂಡು ಬಾರಪ್ಪ, ನೋಡಿ ಕಳಿಸ್ತೀನಿ” ಎಂದರು. ‘ನನ್ನ ಸೇವಾವಧಿಯಲ್ಲಿ ಇಂಥ ವಿದ್ಯಾರ್ಥಿಯನ್ನು ಕಂಡಿಲ್ಲ’ ಎಂದು ತನ್ನ ಬಗ್ಗೆ ತಾನೇ ಬರೆದು, ನಾಚಿ, ‘ಅಪರೂಪಕ್ಕೆ ಕಂಡಿದ್ದೇನೆ’ ಎಂದು ತಿದ್ದಿದ. ಮೇಷ್ಟ್ರು ಅದನ್ನೂ ತಿದ್ದಿ ‘ಕಂಡಿದ್ದೇನೆ’ ಎಂದಷ್ಟೇ ಉಳಿಸಿದರೋ ಏನೋ ಎಂಬ ಗುಮಾನಿ ಇವನನ್ನು ಇವತ್ತಿಗೂ ಬಿಟ್ಟಿಲ್ಲ.

ವಿಳಾಸದ್ದು ಇನ್ನೊಂದು ಪಜೀತಿ. ಇವನು ಹುಟ್ಟಿದ್ದು 2002ರಲ್ಲಿ, ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ. 2007ರಲ್ಲಿ ಅದೇ ಮನೆ ರಾಮನಗರ ಜಿಲ್ಲೆಗೆ ಹೋಯಿತು. 2025ರಲ್ಲಿ ಜಿಲ್ಲೆಯ ಹೆಸರೇ ಬೆಂಗಳೂರು ದಕ್ಷಿಣ ಎಂದಾಯಿತು. ಹೊಸಿಲು ದಾಟದೆ ಮೂರು ಜಿಲ್ಲೆ ಸುತ್ತಿದವನನ್ನು ಅಮೆರಿಕದವರು ಒಬ್ಬನೇ ಮನುಷ್ಯ ಎಂದು ನಂಬುತ್ತಾರೋ ಇಲ್ಲವೋ. ಸಾಲದ್ದಕ್ಕೆ ಬೆಂಗಳೂರಿನ ಇಂದಿರಾನಗರದ ಮಗ್ಗುಲಲ್ಲೇ ಹೊಸ ತಿಪ್ಪಸಂದ್ರ ಅಂತೊಂದಿದೆ. “ನಿನ್ ಕಾಗ್ದ ಅಲ್ಲಿಗೋಗಿ, ಅದ್ಯಾವನೋ ಸಾಫ್ಟ್‌ವೇರ್ ಹುಡುಗ ಇಸ್ಕೊಂಡು ವಿಮಾನ ಹತ್ತಿಬಿಟ್ರೆ?” ಎಂಬುದು ಅವ್ವನ ಆತಂಕ. ಈಗ ಎಲ್ಲ ಈಮೇಲಿನಲ್ಲೇ ಬರುತ್ತದೆ ಎಂದು ಹೇಳಿದ್ದಕ್ಕೆ, “ಹಂಗಾದ್ರೆ ಇನ್ನೂ ಬೇಗ ಹತ್ತಿಬಿಡ್ತಾನೆ” ಎಂದಳು.

ಜನವರಿ ಕಳೆಯುತ್ತಲೇ ಆಕಾಂಕ್ಷಿಯ ಗಡಿಯಾರ ಕೆಟ್ಟಿತು. ನ್ಯೂಯಾರ್ಕ್ ಕಡೆ ಕಚೇರಿ ತೆರೆಯುವ ಬೆಳಗಿನ ಒಂಬತ್ತು ನಮಗೆ ಸಂಜೆ ಏಳೂವರೆ. ಕ್ಯಾಲಿಫೋರ್ನಿಯಾದ ಒಂಬತ್ತು ನಮಗೆ ರಾತ್ರಿ ಹತ್ತೂವರೆ. ನ್ಯೂಯಾರ್ಕಿನವರು ಬಾಗಿಲು ಹಾಕಿಕೊಂಡು ಮನೆಗೆ ಹೋಗುವಾಗ ತಿಪ್ಪಸಂದ್ರದಲ್ಲಿ ಬೆಳಗಿನ ಜಾವ ಮೂರೂವರೆ. ಫೆಬ್ರವರಿಯ ಮೂರನೇ ಸೋಮವಾರ ಅಲ್ಲಿ ಅಧ್ಯಕ್ಷರ ದಿನದ ರಜೆ. ಅವತ್ತೊಂದು ದಿನ ಇವನು ಹೊಟ್ಟೆತುಂಬ ಉಂಡು ಮಲಗಿದ. ಮಾರ್ಚಿನ ಎರಡನೇ ಭಾನುವಾರ ಆ ದೇಶದವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಆವತ್ತಿನಿಂದ ಇವನ ಎದೆಬಡಿತ ಶುರುವಾಗುವುದು ಆರೂವರೆಗೆ, ಅಂದರೆ ಡೇರಿಗೆ ಹಾಲು ಹಾಕುವ ಹೊತ್ತಿಗೆ. ಕ್ಯಾನು ಒಂದು ಕೈಯಲ್ಲಿ, ಮೊಬೈಲು ಇನ್ನೊಂದರಲ್ಲಿ ಹಿಡಿದು ಹೋದವನು ಒಂದು ಸಂಜೆ ಹಾಲು ಅಳೆಸಿದ, ಸ್ಲಿಪ್ಪು ತರುವುದನ್ನು ಮರೆತ. ಅಮೆರಿಕ ಸೂರ್ಯನನ್ನು ಉಳಿತಾಯ ಮಾಡಲು ಹೋಗಿ ನಮ್ಮ ಮನೆಯ ಹಾಲಿನ ಲೆಕ್ಕ ಕೆಡಿಸಿತು ಎಂದು ಅವ್ವ ಇವತ್ತಿಗೂ ಹೇಳುತ್ತಾಳೆ.

ರಾತ್ರಿ ಎಚ್ಚರವಿರುತ್ತಿದ್ದವನು ಅವನೊಬ್ಬನೇ ಅಲ್ಲ. ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಗೆ ಬಿದ್ದ ವಾರ ಅಪ್ಪನೂ ಮೋಟಾರಿಗಾಗಿ ಕಾಯುತ್ತಾ ಅಂಗಳದಲ್ಲಿ ಬೀಡಿ ಹಚ್ಚಿ ಕೂರುತ್ತಿದ್ದ. ಹಾಗೊಂದು ರಾತ್ರಿ ಇಬ್ಬರೂ ಮಾತಿಗೆ ಸಿಕ್ಕರು.

“ಅದ್ಯಾವ್ದೋ ನೆಬ್ರಾಸ್ಕ ಅಂದ್ಯಲ್ಲ, ಅಲ್ಲಿ ಬೋರಿಗೆ ಎಷ್ಟಡಿಗೆ ನೀರು?”

ಆಕಾಂಕ್ಷಿಗೆ ಹುರುಪು ಬಂತು. ಒಗಲ್ಲಾಲ ಎಂಬ ದೊಡ್ಡ ಜಲಪದರ ಅಮೆರಿಕದ ಎಂಟು ರಾಜ್ಯಗಳ ಕೆಳಗೆ ಹಬ್ಬಿರುವುದು, ಅದರ ನೀರಿನ ದೊಡ್ಡ ಪಾಲು ನೆಬ್ರಾಸ್ಕದ ಅಡಿಯಲ್ಲೇ ಇರುವುದು, ದಕ್ಷಿಣದ ಟೆಕ್ಸಾಸ್, ಕಾನ್ಸಾಸ್ ಕಡೆ ಅದು ಬರಿದಾಗುತ್ತಿರುವುದು ಎಲ್ಲವನ್ನೂ ವಿವರಿಸಿ, “ನೆಬ್ರಾಸ್ಕದಲ್ಲಿ ಬಹಳ ಕಡೆ ನೂರಿನ್ನೂರು ಅಡಿಗೆಲ್ಲ ಸಿಗುತ್ತಪ್ಪ” ಎಂದ.

ಅಪ್ಪ ಬೀಡಿ ಆರಿಸಿದ. “ಸಾವಿರ ಅಡಿ ಕೊರೆಸಿದ್ರೂ ಧೂಳು ಬರೋ ಊರಿಂದ, ಇನ್ನೂರಡಿಗೆ ನೀರು ಬರೋ ಊರಿಗೆ, ನೀರಿನ ಕಷ್ಟ ಓದಕ್ಕೆ ಹೋಯ್ತೀಯಾ?”

ಆಯ್ಕೆ ಸಮಿತಿಯ ಸಂದರ್ಶನದಲ್ಲಿ ಯಾರಾದರೂ ಈ ಪ್ರಶ್ನೆ ಕೇಳಿದ್ದರೆ ಇವನ ಗತಿ ಅಲ್ಲಿಗೇ ಮುಗಿಯುತ್ತಿತ್ತು.

ಹಳೆಯ ಹೈಸ್ಕೂಲ್ ಮೇಷ್ಟ್ರು ಒಬ್ಬರು ಆಗಾಗ ಬಂದು ಉತ್ಸಾಹ ತುಂಬುತ್ತಿದ್ದರು. ಅನಂತಮೂರ್ತಿಯವರು ಕಾಮನ್‌ವೆಲ್ತ್ ವಿದ್ಯಾರ್ಥಿವೇತನದಲ್ಲಿ ಬರ್ಮಿಂಗ್‌ಹ್ಯಾಮಿಗೆ ಹೋಗಿ ‘ಸಂಸ್ಕಾರ’ ಬರೆದದ್ದು, ರೋಡ್ಸ್ ವಿದ್ಯಾರ್ಥಿವೇತನ ಪಡೆದ ಕಾರ್ನಾಡರು ಆಕ್ಸ್‌ಫರ್ಡಿಗೆ ಹೊರಡುವ ತಯಾರಿಯ ನಡುವೆಯೇ ‘ಯಯಾತಿ’ ಬರೆದು ಮುಗಿಸಿದ್ದು ಅವರ ಮೆಚ್ಚಿನ ಉದಾಹರಣೆಗಳು. “ನೀನೇನಪ್ಪಾ ಬರೀತಿದ್ದೀಯ?” ಎಂದು ಕೇಳಿದರು. ಇವನು ಬರೆಯುತ್ತಿದ್ದದ್ದು ಎಕ್ಸೆಲ್ ಶೀಟು. ಸಾಲಿಗೊಂದು ವಿಶ್ವವಿದ್ಯಾಲಯ, ‘ಡ್ರೀಮ್’ ಇದ್ದದ್ದಕ್ಕೆ ಕೆಂಪು, ‘ಮಾಡರೇಟ್’ಗೆ ಹಳದಿ, ‘ಸೇಫ್’ಗೆ ಹಸಿರು. 1892ರಲ್ಲಿ ಜೆಮ್‌ಶೆಡ್‌ಜಿ ಟಾಟಾ ಸ್ಥಾಪಿಸಿದ ದತ್ತಿಯ ಸಾಲ ವಿದ್ಯಾರ್ಥಿವೇತನಕ್ಕೂ ಒಂದು ಸಾಲು ಇತ್ತು. ಬೆಂಗಳೂರಿನ ಸೋದರಮಾವ ಫೋನು ಮಾಡಿದಾಗಲೆಲ್ಲ, “ನೆಟ್ ಬರೆದು ಜೆ.ಆರ್.ಎಫ್. ತಗೊಂಡಿದ್ರೆ ತಿಂಗಳಿಗೆ 37,000 ಇಲ್ಲೇ ಸಿಕ್ತಿತ್ತಲ್ಲೋ” ಎನ್ನುತ್ತಿದ್ದ. ಸೋದರಮಾವಂದಿರಿಗೆ ಶೀಟಿನಲ್ಲಿ ಬಣ್ಣ ಕೊಟ್ಟಿರಲಿಲ್ಲ.

ಇವನ ಕಷ್ಟ ನಿಜವಾಗಿ ಅರ್ಥವಾದದ್ದು ತಾತನಿಗೆ. ತಾತ ಗೋಮಾಳದಲ್ಲಿ ಉಳುತ್ತಿದ್ದ ಜಮೀನನ್ನು ಬಗರ್ ಹುಕುಂನಲ್ಲಿ ಸಕ್ರಮ ಮಾಡಿಕೊಡಿ ಎಂದು 1999ರಲ್ಲಿ ನಮೂನೆ 53 ಹಾಕಿದವನು. ಅದು ಏನಾಯಿತೋ ತಿಳಿಯದೆ, 2018ರಲ್ಲಿ ನಮೂನೆ 57 ಬಂದಾಗ ಅದನ್ನೂ ಹಾಕಿದವನು. ಕಾಯುವುದರಲ್ಲಿ ಅವನ ಮುಂದೆ ಮೊಮ್ಮಗ ಅಂಗನವಾಡಿ ಮಗು.

“ಎಲ್ಲಿಗಂಟ ಬಂತ್ಲಾ ನಿನ್ ಅರ್ಜಿ?”

“ಪರಿಶೀಲನೇಲಿದೆ ಅಂತ ತೋರಿಸ್ತಿದೆ ತಾತ.”

“ನಂದೂ ಅಲ್ಲೇ ಐತೆ.” ಸ್ವಲ್ಪ ಹೊತ್ತು ಬಿಟ್ಟು, “ಯಾರ ಟೇಬಲ್ ಮೇಲೈತೆ? ಕೇಸ್ ವರ್ಕರ್ ಹೆಸ್ರೇನು?”

“ಕೇಸ್ ವರ್ಕರ್ ಇರಲ್ಲ. ಕಮಿಟಿ ನೋಡುತ್ತೆ.”

“ಕಮಿಟೀನಾ!” ತಾತ ಎದ್ದು ಕೂತ. “ಅಧ್ಯಕ್ಷ ಯಾವ ಎಮ್ಮೆಲ್ಲೆ?”

ಬಗರ್ ಹುಕುಂ ಸಮಿತಿಗೆ ಶಾಸಕರು ಅಧ್ಯಕ್ಷರು, ತಹಶೀಲ್ದಾರರು ಕಾರ್ಯದರ್ಶಿ. ಅಲ್ಲಿ ಎಮ್ಮೆಲ್ಲೆ ಇಲ್ಲ, ಎಲ್ಲ ಪ್ರೊಫೆಸರುಗಳೇ ಎಂದು ಮೊಮ್ಮಗ ಹೇಳಿದ. ತಾತನ ಮುಖದಲ್ಲಿದ್ದ ಭರವಸೆ ಇಳಿದುಹೋಯಿತು. “ಎಲೆಕ್ಷನ್ನೇ ಇಲ್ದಿರೋ ಕಮಿಟಿ ಯಾತಕ್ಲಾ ಕೂತದು?”

ಕೂತಿತು. ಫೆಬ್ರವರಿಯ ಕೊನೆಗೆ ಮೊದಲ ಉತ್ತರ ಬಂತು, ಅದೂ ಹಸಿರು ಬಣ್ಣದ ಸಾಲಿನಿಂದ. ಈ ವರ್ಷದ ಅರ್ಜಿದಾರರು ಅಸಾಧಾರಣ ಪ್ರತಿಭಾವಂತರಿದ್ದರೆಂದೂ, ಇದು ಅವನ ಯೋಗ್ಯತೆಯ ಮೇಲಿನ ತೀರ್ಪಲ್ಲವೆಂದೂ, ಮುಂದಿನ ಬಾಳಿಗೆ ಶುಭಹಾರೈಕೆಯೆಂದೂ ಇತ್ತು. ಆಕಾಂಕ್ಷಿ ಹಾಸಿಗೆ ಹಿಡಿದ. ತಾತ ಪೂರ್ತಿ ಓದಿಸಿ ಕೇಳಿಸಿಕೊಂಡು, ದಂಗಾಗಿ ಹೋದ.

“ಎರಡೂವರೆ ತಿಂಗಳಿಗೆ ಹಿಂಬರಹ ಕೊಟ್ಟವ್ರಾ? ಕಾರಣ ಬರ್ದು? ಕ್ಷಮೆ ಕೇಳಿ? ಎದ್ದೇಳ್ಲಾ, ಪುಣ್ಯಾತ್ಮರು ಕಣ್ಲಾ ಅವ್ರು! ಅದನ್ನ ಪ್ರಿಂಟ್ ಹಾಕಿಸ್ಕೊಂಡು ಎ.ಸಿ. ಕೋರ್ಟಿಗೆ ಅಪೀಲು ಹೋಗು.”

ಮಾರ್ಚಿನಲ್ಲಿ ಹಿಂಬರಹಗಳು ಒಂದರ ಹಿಂದೊಂದು ಬಂದವು. ಒಂದು ಮಾತ್ರ ವೇಟ್‌ಲಿಸ್ಟು. ಅವ್ವ ಆ ವೇಳೆಗೆ ಸಾವನದುರ್ಗದ ವೀರಭದ್ರನಿಗೂ ಮಾಗಡಿ ರಂಗನಾಥನಿಗೂ ಹರಕೆ ಹೊತ್ತಾಗಿತ್ತು. ಯಾವ ಯೂನಿವರ್ಸಿಟಿ ಎಂದು ದೇವರಿಗೆ ಸರಿಯಾಗಿ ಹೇಳಲು ಬಾರದೆ “ಯಾವ್ದಾರಾ ಒಂದು ಮಾಡ್ಸು, ತೇರಿಗೆ ಹಣ್ಣುಜವನ ಎಸೀತೀನಿ” ಎಂದು ಒಟ್ಟಾರೆ ಬೇಡಿಕೊಂಡಿದ್ದಳು. ವೇಟ್‌ಲಿಸ್ಟ್ ಎಂದಾಗ, ರೈಲಿನಲ್ಲಾದರೆ ಚಾರ್ಟ್ ಬೀಳುವ ಹೊತ್ತಾದರೂ ಗೊತ್ತಿರುತ್ತದೆ, ಇದಕ್ಕೆ ಯಾವಾಗ ಎಂದು ಕೇಳಿದಳು. ಅದೂ ಗೊತ್ತಿತ್ತು: ಏಪ್ರಿಲ್ 15. ಅಮೆರಿಕದ ಬಹುಪಾಲು ವಿಶ್ವವಿದ್ಯಾಲಯಗಳು ಒಪ್ಪಿಕೊಂಡಿರುವ ಪ್ರಕಾರ, ಧನಸಹಾಯದೊಂದಿಗೆ ಸೀಟು ಸಿಕ್ಕವನು ಆ ದಿನದವರೆಗೆ ಹೂಂ, ಉಹೂಂ ಯಾವುದನ್ನೂ ಹೇಳಬೇಕಾಗಿಲ್ಲ. ಎಲ್ಲೋ ಒಬ್ಬ ಮಹಾನುಭಾವ ಐದಾರು ಸೀಟು ಜೇಬಿನಲ್ಲಿಟ್ಟುಕೊಂಡು ಆರಾಮಾಗಿ ಓಡಾಡಿಕೊಂಡಿದ್ದಾನೆ, ಅವನು ಒಂದನ್ನು ಬಿಟ್ಟರೆ ತನಗೆ ಬರುತ್ತದೆ ಎಂದು ಇವನು ಮನೆಯವರಿಗೆಲ್ಲ ವಿವರಿಸಿದ. ಹೆಸರಿಲ್ಲದ, ಮುಖವಿಲ್ಲದ ಆ ಮನುಷ್ಯನಿಗೆ ತಿಪ್ಪಸಂದ್ರದ ಒಂದು ಮನೆಯಲ್ಲಿ ದಿನಾ ಶಾಪ ಬೀಳುತ್ತಿತ್ತು. “ನಮ್ ಕಡೆಯೋರು ಯಾರಾನಾ ಇದ್ರೆ ಅವನಿಗೊಂದು ಮಾತು ಹೇಳ್ಸು” ಎಂದ ತಾತ.

ಮಹಾನುಭಾವ ಬಿಟ್ಟನೆಂದು ಕಾಣುತ್ತದೆ. ಏಪ್ರಿಲ್ 15ರ ರಾತ್ರಿ ಹನ್ನೊಂದು ಗಂಟೆಗೆ ಟಿಂಗ್ ಎಂದಿತು. ಸೀಟು ಸಿಕ್ಕಿತ್ತು. ಮನೆಯವರೆಲ್ಲ ಎದ್ದು, ಅವ್ವ ದೇವರ ಮುಂದೆ ದೀಪ ಹಚ್ಚಿಯೂ ಆದ ಮೇಲೆ ಎರಡನೆಯ ಪ್ಯಾರಾ ಓದಿದ: ಈ ವರ್ಷ ಫೆಲೋಶಿಪ್ ಕೊಡಲು ಸಾಧ್ಯವಾಗುತ್ತಿಲ್ಲ, ಆ ಬಗ್ಗೆ ಮುಂದೆ ಪ್ರತ್ಯೇಕವಾಗಿ ತಿಳಿಸಲಾಗುವುದು.

“ಅಂದ್ರೆ?” ಎಂದ ಅಪ್ಪ.

ಅರ್ಥ ಮಾಡಿಸುವ ಕೆಲಸವನ್ನು ತಾತನೇ ವಹಿಸಿಕೊಂಡ. “ಸಾಗುವಳಿ ಚೀಟಿ ಕೊಟ್ಟವ್ರೆ, ಪೋಡಿ ಮಾಡಿಲ್ಲ.”

ಎಲ್ಲರಿಗೂ ತಕ್ಷಣ ತಿಳಿಯಿತು. ಮೊಮ್ಮಗ ಲ್ಯಾಪ್‌ಟಾಪ್ ತೆಗೆದು, ಶೀಟಿನ ಕೊನೆಗೆ ಫೆಲೋಶಿಪ್ಪಿಗೆಂದು ಹೊಸ ಸಾಲು ಸೇರಿಸತೊಡಗಿದ. ತಾತ ಕನ್ನಡಕ ಹಾಕಿಕೊಂಡು ಪಕ್ಕಕ್ಕೆ ಬಂದು ಕೂತ.

“ಅಂಗೇ ನಂದೂ ಒಂದು ಸೇರ್ಸ್ಲಾ ಅದ್ರಾಗೆ. ನಮೂನೆ 53.”

“ಯಾವ ಬಣ್ಣ ಹಾಕ್ಲಿ ತಾತ, ಡ್ರೀಮಾ, ಸೇಫಾ?”

“ಯಾವ್ದಾನಾ ಹಾಕು. ಸ್ವೀಕೃತಿ ನಂಬರ್ ಮಾತ್ರ ತಪ್ಪು ಬರೀಬ್ಯಾಡ.”