ದಾನಧಾವನ ಮೀಮಾಂಸೆ, ಅಥವಾ ಓಡಿದ್ದು ಯಾರು, ಪುಣ್ಯ ಯಾರಿಗೆ?

ಒಬ್ಬ ಓಡುತ್ತಾನೆ. ಇನ್ನೊಬ್ಬ ದುಡ್ಡು ಕೊಡುತ್ತಾನೆ. ಅದು ಹೋಗಿ ಸೇರುವುದು ಮೂರನೆಯವನಿಗೆ. ಪುಣ್ಯ ಈ ಮೂವರಲ್ಲಿ ಯಾರ ಖಾತೆಗೆ ಜಮೆ ಎಂಬ ಪ್ರಶ್ನೆಯನ್ನು ನಮ್ಮ ಶಾಸ್ತ್ರಕಾರರು ಎತ್ತಿಕೊಂಡಿಲ್ಲ. ಅದು ಅವರ ತಪ್ಪಲ್ಲ. ಮುಂಬಯಿ ಮ್ಯಾರಥಾನ್ ಶುರುವಾದದ್ದೇ 2004ರಲ್ಲಿ. ಪ್ರಸ್ತುತ ಪ್ರಬಂಧಕಾರನು ದೃಷ್ಟಿಹೀನ ಮಕ್ಕಳ ಶಾಲೆಯೊಂದರ ಸಹಾಯಾರ್ಥವಾಗಿ ಅದರಲ್ಲಿ ಪೂರ್ತಿ 42.195 ಕಿಲೋಮೀಟರ್ ಓಡಿರುವುದರಿಂದ (ಇಲ್ಲಿ ‘ಓಡು’ ಧಾತುವನ್ನು ಉದಾರವಾಗಿ ಗ್ರಹಿಸತಕ್ಕದ್ದು) ಈ ಕೊರತೆಯನ್ನು ತುಂಬಲು ತಾನೇ ಅಧಿಕಾರಿ ಎಂದು ತಿಳಿದಿದ್ದಾನೆ.

ಪೂರ್ವಪಕ್ಷವನ್ನು ಮಂಡಿಸುವವರು ಡೊಂಬಿವಲಿಯಲ್ಲಿರುವ ನನ್ನ ಸೋದರಮಾವ. ಉಡುಪಿ ಕಡೆಯವರು, ನಿವೃತ್ತರು, ಆದ್ದರಿಂದ ವಾದಕ್ಕೆ ಬೇಕಾದಷ್ಟು ಸಮಯ ಉಳ್ಳವರು. ‘ದುಡ್ಡು ಬೇಕಾದರೆ ಸೀದಾ ಕೇಳು ಮಾರಾಯ. ನೀನು ಓಡಿದರೆ ಆ ಮಕ್ಕಳಿಗೆ ಎಂತ ಲಾಭ? ನಿನ್ನ ಮಂಡಿ ಹಾಳು, ಅಷ್ಟೇ.’

ಆಕ್ಷೇಪ ಬಲವಾದದ್ದೇ. ಆದರೆ ಅನುಭವ ಇದಕ್ಕೆ ವಿರುದ್ಧ. ಇದೇ ಶಾಲೆಗೆಂದು ಹಿಂದೊಮ್ಮೆ ಸೀದಾ ಕೇಳಿದಾಗ ಮಾವ ಕೊಟ್ಟದ್ದು ಚಹಾ. ನಾನು ಮ್ಯಾರಥಾನ್ ಓಡುತ್ತೇನೆ ಎಂದಾಗ ಮಾತ್ರ ಅವರು ಕನ್ನಡಕ ಏರಿಸಿ, ‘ಕಿಲೋಮೀಟರಿಗೆ ಎಷ್ಟು?’ ಎಂದು ಕೇಳಿದರು. ಕಷ್ಟದಲ್ಲಿರುವವನಿಗೆ ಕೊಡುವುದಕ್ಕಿಂತ, ಕೊಡುವ ನೆಪದಲ್ಲಿ ಇನ್ನೊಬ್ಬನನ್ನು ಕಷ್ಟಕ್ಕೆ ಹಾಕುವುದರಲ್ಲಿ ಮನುಷ್ಯನಿಗೆ ಉತ್ಸಾಹ ಹೆಚ್ಚು ಎಂಬುದು ಇದರಿಂದ ಸಿದ್ಧ. ದರ ಕಿಲೋಮೀಟರಿಗೆ 10 ರೂಪಾಯಿ ಎಂದು ಇತ್ಯರ್ಥವಾಯಿತು. ಕೂಡಲೇ ಎರಡನೆಯ ಆಕ್ಷೇಪ: 80ಜಿ ರಸೀದಿ ಕೊಟ್ಟರೂ ತಮಗೆ ಪ್ರಯೋಜನವಿಲ್ಲ, ತಾವು ಆದಾಯ ತೆರಿಗೆಯ ಹೊಸ ಪದ್ಧತಿಗೆ ಹೋಗಿದ್ದೇವೆ, ಅದರಲ್ಲಿ ದಾನಕ್ಕೆ ವಿನಾಯಿತಿ ಇಲ್ಲ. ಹಳೆಯ ಪದ್ಧತಿಯಲ್ಲಿ ಪುಣ್ಯ ಎರಡು ಕಡೆ ಜಮೆಯಾಗುತ್ತಿತ್ತು; ಹೊಸ ಪದ್ಧತಿಯವರು ಚಿತ್ರಗುಪ್ತನೊಬ್ಬನನ್ನೇ ನಂಬಿ ಕೊಡಬೇಕು. ನಿಷ್ಕಾಮ ಕರ್ಮವನ್ನು ಜಾರಿಗೆ ತಂದ ಕೀರ್ತಿ ಹೀಗೆ ಹಣಕಾಸು ಇಲಾಖೆಗೆ ಸಲ್ಲುತ್ತದೆ.

ಇನ್ನು ಶಬ್ದಪ್ರಮಾಣ. ಇಲ್ಲಿ ಗ್ರಂಥಗಳೇ ಪರಸ್ಪರ ಜಗಳವಾಡುತ್ತವೆ. ಹೆರೊಡೋಟಸ್ ಹೇಳುವ ಓಟಗಾರ ಅಥೆನ್ಸಿನಿಂದ ಸ್ಪಾರ್ಟಾಕ್ಕೆ, ಸುಮಾರು 240 ಕಿಲೋಮೀಟರ್, ಸೈನ್ಯದ ನೆರವು ಕೇಳಲು ಓಡಿದವನು. ಅಂದರೆ ಸಹಾಯಾರ್ಥ ಓಟದ ಮೂಲಪುರುಷನೇ. ಸ್ಪಾರ್ಟಾದವರು ಹುಣ್ಣಿಮೆ ಕಳೆಯಲಿ, ಆಮೇಲೆ ಬರುತ್ತೇವೆ ಎಂದರಂತೆ. ದಾನ ಕೇಳಿಕೊಂಡು ಹೋದ ಯಾರಿಗೂ ಈ ಉತ್ತರ ಹೊಸದಲ್ಲ. ನನಗೆ ಹೇಳಿದವರು ‘ಸಂಬಳ ಆಗಲಿ’ ಎಂದರು, ಅಷ್ಟೇ ವ್ಯತ್ಯಾಸ. ಮ್ಯಾರಥಾನಿನಿಂದ ಅಥೆನ್ಸಿಗೆ ಓಡಿ, ಗೆದ್ದೆವು ಎಂದು ಹೇಳಿ ಬಿದ್ದು ಸತ್ತವನ ಕಥೆ ಶತಮಾನಗಳ ನಂತರದ ಪ್ಲುಟಾರ್ಕ್ ಮತ್ತು ಲೂಸಿಯನ್ ಅವರದು. ಲೋಕ ಎತ್ತಿಕೊಂಡದ್ದು ಈ ಎರಡನೆಯದನ್ನು. ಮ್ಯಾರಥಾನಿನ ಮೂಲಪುರುಷನ ಈ ಗತಿಯನ್ನು ನಾನು ತುಂಬಿದ ಅರ್ಜಿ ನಮೂನೆಯಲ್ಲಿ ನಮೂದಿಸಿರಲಿಲ್ಲ.

ನಿಧಾನಸ್ಥರಿಗೂ ಪ್ರಮಾಣವುಂಟು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿನಲ್ಲಿ ಜಪಾನಿನ ಶಿಜೊ ಕನಕುರಿ ಸೆಕೆ ತಾಳಲಾರದೆ ಓಟ ಬಿಟ್ಟು ಯಾರಿಗೂ ಹೇಳದೆ ಊರಿಗೆ ಹೋದರು. 1967ರಲ್ಲಿ ಸ್ವೀಡನ್ನಿನವರು ಕರೆಸಿ ಓಟ ಪೂರ್ತಿ ಮಾಡಿಸಿದರು: 54 ವರ್ಷ, 8 ತಿಂಗಳು, ಚಿಲ್ಲರೆ. ಈ ಪ್ರಮಾಣದ ಎದುರು ನನ್ನ ಸಮಯವನ್ನು ಇಟ್ಟು ನೋಡಿದರೆ ನಾನು ಬಾಣ. ಶಾರ್ಟ್‌ಕಟ್ ಸಂಪ್ರದಾಯಕ್ಕೆ 1904ರ ಸೇಂಟ್ ಲೂಯಿಸ್ ಪ್ರಮಾಣ. ಅಲ್ಲಿ ಫ್ರೆಡ್ ಲೋರ್ಜ್ ನಡುವೆ ಕಾರು ಹತ್ತಿ, ಆಮೇಲೆ ಇಳಿದು ಓಡಿ, ಮೊದಲಿಗನಾಗಿ ಗುರಿ ಮುಟ್ಟಿ ಸಿಕ್ಕಿಬಿದ್ದ. ಈ ಮಾರ್ಗವನ್ನು ನಾನು ಪರಿಶೀಲಿಸಿದೆ. ಮ್ಯಾರಥಾನ್ ದಿನ ಪೊಲೀಸರು ರಸ್ತೆಗಳನ್ನೇ ಮುಚ್ಚಿರುವುದರಿಂದ ಟ್ಯಾಕ್ಸಿ ಸಿಗುವುದಿಲ್ಲ. ಬಿಬ್ಬಿನ ಹಿಂದೆ ಅಂಟಿಸಿದ ಚಿಪ್ಪು ದಾರಿಯುದ್ದಕ್ಕೂ ಹಾಸಿದ ಮ್ಯಾಟ್‌ಗಳ ಮೇಲೆ ಕೀಂ ಎಂದು ಸಾಕ್ಷಿ ಹೇಳುತ್ತದೆ.

ಪ್ರತ್ಯಕ್ಷಪ್ರಮಾಣಕ್ಕೆ ಬರೋಣ. ಬೆಳಗಿನ ಜಾವದ ಕತ್ತಲಲ್ಲಿ ಸಿಎಸ್‌ಎಂಟಿ ನಿಲ್ದಾಣದ ಎದುರು ಸಾವಿರಾರು ಜನ ತೊಡೆಸಂದಿಗೆ ವ್ಯಾಸಲೀನ್ ಹಚ್ಚಿಕೊಂಡು, ಎದೆಯ ಮೇಲೆ ನಾಲ್ಕು ಪಿನ್ನಿನಿಂದ ನಂಬರು ಚುಚ್ಚಿಕೊಂಡು, ಮೊಬೈಲ್ ಟಾಯ್ಲೆಟ್ಟಿನ ಸಾಲಿನಲ್ಲಿ ನಿಂತಿರುತ್ತಾರೆ. ಲೌಕಿಕ, ಅಲೌಕಿಕ ಎಲ್ಲ ಚಿಂತೆಯೂ ಆ ಸಾಲಿನಲ್ಲಿ ಒಂದೇ ಬಿಂದುವಿಗೆ ಬಂದು ನಿಲ್ಲುತ್ತದೆ. ಏಕಾಗ್ರತೆಗೆ ಇದಕ್ಕಿಂತ ಒಳ್ಳೆಯ ಸಾಧನ ನಾನು ಕಂಡಿಲ್ಲ. ಓಟ ಶುರುವಾದ ಮೇಲೆ ನಾನು ಒಂದು ಪೇಸ್ ಬಸ್ಸು ಹಿಡಿದೆ. ಬಸ್ಸೆಂದರೆ ಬಾವುಟ ಹಿಡಿದ ಪೇಸರ್ ಒಬ್ಬನ ಬೆನ್ನಿಗೆ ಬಿದ್ದ ಓಟಗಾರರ ಗುಂಪು. ಸೀ ಲಿಂಕಿನ ಮೇಲೆ ಗಾಳಿ ತಣ್ಣಗಿತ್ತು, ಎಲ್ಲರೂ ತತ್ವಜ್ಞಾನಿಗಳಾಗಿದ್ದರು. ಬಾಂದ್ರಾ ದಾಟಿ ಬಿಸಿಲೇರಿದ ಮೇಲೆ ಬಸ್ಸು ನನ್ನನ್ನು ಇಳಿಸಿ ಮುಂದೆ ಹೋಯಿತು.

ಕಾರಣ ಶರೀರಶಾಸ್ತ್ರದಲ್ಲಿದೆ. ನಮ್ಮ ಸ್ನಾಯು ಮತ್ತು ಪಿತ್ತಜನಕಾಂಗದಲ್ಲಿ ಗ್ಲೈಕೋಜೆನ್ ರೂಪದಲ್ಲಿ ಇರುವ ದಾಸ್ತಾನು ಸುಮಾರು 2,000 ಕಿಲೋಕ್ಯಾಲರಿ. ಅದು 30 ಕಿಲೋಮೀಟರಿನ ಆಸುಪಾಸಿನಲ್ಲಿ ತೀರುತ್ತದೆ. ಓಟವೋ 42ಕ್ಕೆ. ನಡುವಣ ಹನ್ನೆರಡನ್ನು ಏತರಿಂದ ಓಡಬೇಕೆಂದು ದೇಹವನ್ನು ಮಾಡಿದವನು ಹೇಳಿಲ್ಲ, ಓಟವನ್ನು ಮಾಡಿದವನೂ ಹೇಳಿಲ್ಲ. ನಾನು ಓಡಿದ ವರ್ಷದ ಮಾರ್ಗದಲ್ಲಿ ಸರಿಯಾಗಿ ಈ ದಿವಾಳಿತನದ ಸಮಯಕ್ಕೆ ಪೆಡ್ಡರ್ ರಸ್ತೆಯ ಏರು ಬರುತ್ತಿತ್ತು. ಅಲ್ಲಿ ನೈಟಿಯ ಮೇಲೆ ಶಾಲು ಹೊದ್ದ ಅಜ್ಜಿಯೊಬ್ಬರು ಸ್ಟೀಲ್ ತಟ್ಟೆಯಲ್ಲಿ ಉಪ್ಪು ಸವರಿದ ಕಿತ್ತಳೆ ತೊಳೆ ಹಿಡಿದು ನಿಂತಿದ್ದರು. ಒಂದು ತೊಳೆ ತೆಗೆದುಕೊಂಡೆ. ಅವರು ಬಿಡಲಿಲ್ಲ, ಎರಡು ತೆಗೆದುಕೋ ಎಂದು ಮರಾಠಿಯಲ್ಲಿ ಗದರಿದರು. ಯಾವ ಶಾಲೆಗೆ ಓಡುತ್ತಿದ್ದೇನೆ, ಕಿಲೋಮೀಟರಿಗೆ ಎಷ್ಟು, ರಸೀದಿ ಕೊಡುತ್ತೀಯಾ, ಏನೊಂದೂ ಕೇಳಲಿಲ್ಲ. ಈ ಅಜ್ಜಿಯನ್ನು ಯಾವ ಅಧಿಕರಣದಲ್ಲಿ ಸೇರಿಸಬೇಕೆಂದು ಗೊತ್ತಾಗದೆ ಪ್ರಬಂಧಕಾರನು ಅವರನ್ನು ಇಲ್ಲಿಯೇ ಬಿಟ್ಟಿದ್ದಾನೆ.

ಈಗ ಸಿದ್ಧಾಂತ. ಯಜ್ಞದಲ್ಲಿ ಹೊಗೆ ಕುಡಿಯುವವರು ಋತ್ವಿಜರು. ಫಲ ಮಾತ್ರ ದುಡ್ಡು ಹಾಕಿದ ಯಜಮಾನನಿಗೆ. ಋತ್ವಿಜರಿಗೆ ದಕ್ಷಿಣೆ, ಅಲ್ಲಿಗೆ ಮುಗಿಯಿತು. ಈ ನ್ಯಾಯದಂತೆ ನನ್ನ ಓಟದ ಪುಣ್ಯವೆಲ್ಲ ಮಾವನಿಗೆ, ನನಗೆ ದಕ್ಷಿಣೆಯಾಗಿ ಒಂದು ಮೆಡಲ್, ಒಂದು ಬಾಳೆಹಣ್ಣು. ಆದರೆ ಸತ್ರವೆಂಬ ದೀರ್ಘಯಾಗವೂ ಉಂಟು. ಅದರಲ್ಲಿ ಋತ್ವಿಜರೇ ಯಜಮಾನರು, ದಕ್ಷಿಣೆಯಿಲ್ಲ, ಫಲ ಎಲ್ಲರಿಗೂ. ಸಹಾಯಾರ್ಥ ಓಟ ಸತ್ರವೇ ಎಂದು ನಾನು ವಾದಿಸಿದೆ. ಮಾವ ಒಪ್ಪಲಿಲ್ಲ. ಆಗ ಕೆನಡಾದ ಟೆರಿ ಫಾಕ್ಸ್‌ನನ್ನು ಮುಂದಿಟ್ಟೆ. ಕ್ಯಾನ್ಸರಿನಿಂದ ಬಲಗಾಲು ಕಳೆದುಕೊಂಡ ಈ ಹುಡುಗ 1980ರಲ್ಲಿ ಕೃತಕ ಕಾಲಿನಲ್ಲಿ ದಿನಕ್ಕೆ ಹೆಚ್ಚುಕಡಿಮೆ ಒಂದು ಮ್ಯಾರಥಾನಿನಷ್ಟು ದೂರದಂತೆ 143 ದಿನ ಓಡಿದ. ರೋಗ ಶ್ವಾಸಕೋಶಕ್ಕೆ ಹಬ್ಬಿ ನಿಲ್ಲಬೇಕಾಗುವ ಹೊತ್ತಿಗೆ 5,373 ಕಿಲೋಮೀಟರ್ ಆಗಿತ್ತು. ಸೀದಾ ಕೇಳಿದ್ದರೆ ಅಷ್ಟು ಜನ ಕೊಡುತ್ತಿದ್ದರೇ? ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಅವನು ಎಷ್ಟು ಕೇಳಿದ್ದ?’ ಎಂದರು. ದೇಶದ ಪ್ರತಿಯೊಬ್ಬರಿಂದ ಒಂದು ಡಾಲರ್ ಎಂದೆ. ‘ನೋಡು, ಒಂದೇ ಒಂದು. ನೀನು ಕಿಲೋಮೀಟರಿಗೆ ಹತ್ತು ಹಿಡಿದಿದ್ದಿ.’

ಕರ್ಮ ಇಂದು, ಫಲ ಎಂದೋ. ಎರಡರ ನಡುವೆ ಕಣ್ಣಿಗೆ ಕಾಣದೆ ಉಳಿದಿರುವ ಶಕ್ತಿಗೆ ಮೀಮಾಂಸಕರು ಅಪೂರ್ವ ಎನ್ನುತ್ತಾರೆ. ಅದು ನನಗೆ ಮರುದಿನ ಡೊಂಬಿವಲಿ ಸ್ಟೇಷನ್ನಿನ ಮೆಟ್ಟಿಲು ಇಳಿಯುವಾಗ ಕಂಡಿತು. ತೊಡೆಯ ಸ್ನಾಯುಗಳು ಒಳಗೊಳಗೇ ಹರಿದಿದ್ದರಿಂದ ಹಿಂದುಮುಂದಾಗಿ ಇಳಿದೆ. ಹಿಂದಿನಿಂದ ಹತ್ತುವವರು ನನ್ನ ಮುಖ ಕಾಣದೆ ಬೆನ್ನಿಗೇ ಬೈದರು.

ಲೆಕ್ಕ ಚುಕ್ತಾ ಮಾಡುವಾಗ ಮಾವ ಹೇಳಿದ್ದಿಷ್ಟು: ‘42ಕ್ಕೆ 420. ಆ ಸಂಖ್ಯೆ ಒಳ್ಳೆಯದಲ್ಲ, ಮೇಲೊಂದು ರೂಪಾಯಿ ಇಟ್ಟು 421. ಉಳಿದ 195 ಮೀಟರ್ ಇಂಗ್ಲೆಂಡಿನ ರಾಜಮನೆತನಕ್ಕೆ ಓಡಿದ್ದು, ಅದಕ್ಕೆ ನಾನು ಕೊಡುವುದಿಲ್ಲ.’ 1908ರ ಲಂಡನ್ ಒಲಿಂಪಿಕ್ಸಿನಲ್ಲಿ ಓಟ ವಿಂಡ್ಸರ್ ಅರಮನೆಯಿಂದ ಹೊರಟು ಕ್ರೀಡಾಂಗಣದ ರಾಜಪೀಠದ ಎದುರು ಮುಗಿಯಿತೆಂದೂ, ದೂರ ಅದರಿಂದಲೇ ಬಂತೆಂದೂ ಅವರಿಗೆ ಹೇಳಿದವನು ನಾನೇ. ಶಾಸ್ತ್ರನಿಷ್ಠೆಯಿಂದ ಅಲ್ಲಿಗೇ ನಿಲ್ಲದೆ, ಅಂದಿನ ಲೆಕ್ಕ 26 ಮೈಲಿ 385 ಗಜ, ರಾಜಪೀಠಕ್ಕೆಂದು ಕ್ರೀಡಾಂಗಣದೊಳಗೆ ಓಡಿದ್ದು 385 ಗಜ, ಅಂದರೆ 352 ಮೀಟರ್, 195 ಅಲ್ಲ ಎಂದು ತಿದ್ದಿದೆ.

ಮಾವ ಪೆನ್ನು ತೆಗೆದು ಪಂಚಾಂಗದ ಅಂಚಿನಲ್ಲಿ ಕಳೆದರು. 41.843 ಕಿಲೋಮೀಟರಿಗೆ 418 ರೂಪಾಯಿ 43 ಪೈಸೆ. ಎರಡು ರೂಪಾಯಿ ಐವತ್ತೇಳು ಪೈಸೆ ವಾಪಸು ಬರಬೇಕು ಎಂದು ಈಗ ಪ್ರತಿ ಭಾನುವಾರ ಫೋನ್ ಮಾಡುತ್ತಾರೆ.