ಪಾರ್ಕಿಗೆ ಬೀಗ ಜಡಿದ ಮಹನೀಯರಿಗೆ

ನಮ್ಮ ಬಡಾವಣೆಯ ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘದ ಕಾರ್ಯದರ್ಶಿಗಳಿಗೆ,

ಭಾನುವಾರದ ಸಭೆಗೆ ನಾನು ಬಂದದ್ದು ಕೆಟ್ಟ ಬೀದಿದೀಪದ ವಿಷಯ ಹೇಳೋದಕ್ಕೆ. ನನ್ನ ಸರದಿ ಬರಲೇ ಇಲ್ಲ. ಎರಡು ಸುತ್ತು ಕಾಫಿ ಬಂತು, ಬಿಸ್ಕತ್ತು ಬಂತು. ಮಧ್ಯಾಹ್ನ ಪಾರ್ಕಿನ ಬೆಂಚಿನ ಮೇಲೆ 'ಅಂಥವರು' ಕೂತರೆ ನಮ್ಮ ಕ್ವಾಲಿಟಿ ಆಫ್ ಲೈಫ್ ಗತಿಯೇನು ಅನ್ನುವ ಚರ್ಚೆ ಮಾತ್ರ ಮುಗಿಯಲಿಲ್ಲ.

ಅಂಥವರು ಯಾರು ಅಂತ ವಿಚಾರಿಸಿದೆ. ಬೆಳಿಗ್ಗೆ ನಿಮ್ಮ ಮನೆಯ ಪಾತ್ರೆ ತೊಳೆದು, ಇನ್ನೊಂದು ಮನೆಗೆ ಹೋಗುವ ಮುಂಚೆ ಡಬ್ಬಿ ಬಿಚ್ಚುವ ಹೆಂಗಸು. ನಿಮ್ಮ ಅಡುಗೆಮನೆಯಲ್ಲಿದ್ದಾಗ ಆಕೆಯಿಂದ ಯಾವ ಕ್ವಾಲಿಟಿಗೂ ಧಕ್ಕೆಯಿಲ್ಲ. ಬೆಂಚಿನ ಮೇಲೆ ಕೂತಳೋ, ಸೈಟಿನ ಬೆಲೆ ಚದರಡಿಗೆ ಇನ್ನೂರು ರೂಪಾಯಿ ಇಳಿಯಿತು! ಆರ್ಡರ್ ಕಾಯುವ ಡೆಲಿವರಿ ಹುಡುಗ ಕಾಲು ಚಾಚಿದರೆ ಇನ್ನೈವತ್ತು. ನಿಮ್ಮ ಲ್ಯಾಬ್ರಡಾರ್ ಅದೇ ಬೆಂಚಿಗೆ ಕಾಲೆತ್ತಿದಾಗ ಬೆಲೆ ಏರುತ್ತದೋ ಏನೋ, ಯಾರೂ ಚಕಾರ ಎತ್ತಲಿಲ್ಲ.

ಯಾರೂ ಮಲಗದಿರಲೆಂದು ಬೆಂಚಿನ ನಡುವೆ ಕಬ್ಬಿಣದ ಸರಳು ಬೇರೆ ವೆಲ್ಡ್ ಮಾಡಿಸಿದ್ದೀರಿ. ವಾಕಿಂಗ್ ಮುಗಿಸಿ ಬಂದ ನಮ್ಮ ಖಜಾಂಚಿಗಳು ಅದರ ಆಚೆಯೂ ಹಿಡಿಸುವುದಿಲ್ಲ, ಈಚೆಯೂ ಹಿಡಿಸುವುದಿಲ್ಲ.

ಸೊಪ್ಪಿನ ಗಾಡಿಯನ್ನೂ ಎತ್ತಂಗಡಿ ಮಾಡಿಸಬೇಕಂತೆ. ಎರಡು ರೂಪಾಯಿಗೆ ಚೌಕಾಸಿ ಮಾಡಿ ಕಂತೆ ಕೊಂಡವರೇ ಕೈಯೆತ್ತಿದರು. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯಲ್ಲಿ ಪಟ್ಟಣ ವ್ಯಾಪಾರ ಸಮಿತಿ ಅಂತ ಒಂದಿದೆ, ಅದರಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ವ್ಯಾಪಾರಿಗಳೇ ಇರಬೇಕು. ನಮ್ಮ ಸಭೆಯಲ್ಲಿ ಆ ಸೊಪ್ಪಿನಮ್ಮನಿಗೆ ನಿಲ್ಲೋಕೂ ಜಾಗವಿರಲಿಲ್ಲ.

ಅದು ಹಾಳಾಗಲಿ, ಬೀಗಕ್ಕೆ ಬನ್ನಿ. ಬೆಂಗಳೂರಿನ ಪಾರ್ಕುಗಳು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿರಬೇಕೆಂದು ಪಾಲಿಕೆ 2024ರಲ್ಲೇ ಹೇಳಿದೆ. ನಮ್ಮ ಗೇಟಿಗೆ ಬೆಳಿಗ್ಗೆ ಹತ್ತು ಗಂಟೆಗೇ ಬೀಗ, ಕೀಲಿಕೈ ನಿಮ್ಮ ಮನೆಯ ಮೊಳೆಗೆ. ಮೊನ್ನೆ ಉರಿಬಿಸಿಲಲ್ಲಿ ಮೂವರು ಹೆಂಗಸರು ಗೇಟಿನಾಚೆ ಚರಂಡಿ ಚಪ್ಪಡಿಯ ಮೇಲೆ ಕೂತು ಚಿತ್ರಾನ್ನ ತಿನ್ನುತ್ತಿದ್ದರು. ಒಬ್ಬಾಕೆ ಸೆರಗಿನಿಂದ ಡಬ್ಬಿ ಮುಚ್ಚಿಕೊಂಡೇ ಉಣ್ಣುತ್ತಿದ್ದಳು, ನೊಣಗಳ ಕಾಟಕ್ಕೆ. ಒಳಗೆ ಹೊಂಗೆ ನೆರಳಲ್ಲಿ ನಾಲ್ಕು ಬೆಂಚು ಖಾಲಿ. ಯಾರಪ್ಪನ ಪಾರ್ಕು ಸ್ವಾಮಿ ಅದು? ಟ್ಯಾಕ್ಸ್ ಕಟ್ಟೋರು ನಾವು ಅಂದಿರಿ. ಆ ಹೆಂಗಸರು ಕೊಳ್ಳುವ ಸೋಪಿಗೆ ಜಿಎಸ್‌ಟಿ ಮಾಫಿ ಇದೆಯಾ?

ಬೀಗ ತೆಗೆಸಿ. ಇಲ್ಲದಿದ್ದರೆ ಫೋಟೊ ಸಮೇತ ಪಾಲಿಕೆಗೆ ದೂರು ಕೊಡುತ್ತೇನೆ. ಚದರಡಿಗೆ ಇನ್ನೂರು ಇಳಿಯುತ್ತದೆ ಅಂತ ನನ್ನನ್ನು ಹೆದರಿಸಬೇಡಿ.

ಇತಿ,
ಹಾಗಾದರೂ ಬಾಡಿಗೆ ಇಳಿದೀತೆಂದು ಕಾಯುತ್ತಿರುವ,
ಎರಡನೇ ಅಡ್ಡರಸ್ತೆಯ ಬಾಡಿಗೆದಾರ